ಮಣಿಕಟ್ಟಿನ ಹಸಿರು ಬೆಳಕು

ವಾಚೋ ಬ್ಯಾಂಡೋ, ಸಂಜೆಯೊಳಗೆ ಹೇಳಿಬಿಡಬೇಕಿತ್ತು. ಬೆಳಿಗ್ಗೆ ಅವಳು ಹಲ್ಲುಜ್ಜುವಾಗಲೇ ಗಂಡ ಬಚ್ಚಲಿನ ಬಾಗಿಲಿಗೆ ಒರಗಿ ನಿಂತು ಕೇಳಿದ್ದ. ಬಾಯಿ ತುಂಬ ನೊರೆ ಇದ್ದದ್ದರಿಂದ ಬರೀ ತಲೆಯಾಡಿಸಿ ಪಾರಾಗಿದ್ದಳು. ಆಡಿಸಿದ್ದು ಹೌದೆಂದೋ ಅಲ್ಲವೆಂದೋ ಅವನಿಗೂ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. "ಸ್ಮಾರ್ಟ್‌ವಾಚೇ ತಗೋ ಕಣೇ," ಎಂದಿದ್ದ ಅವನು, "ಓಡುವಾಗ ಬಡಿತ ನೋಡುತ್ತೆ, ಮಲಗಿದ್ರೆ ನಿದ್ದೆ ನೋಡುತ್ತೆ, ಎದೆ ಒಂಚೂರು ತಾಳ ತಪ್ಪಿದ್ರೂ ಡಂಗುರ ಸಾರುತ್ತೆ. ನಿನ್ನ ಕೈಯಲ್ಲಿ ಕೂಗಿದ್ದು ನನ್ನ ಫೋನಲ್ಲಿ ಕೇಳುತ್ತೆ. ಬ್ಯಾಂಡ್ ಪಾಪ, ಅದಕ್ಕೆ ಹೆಜ್ಜೆ ಬಿಟ್ರೆ ಲೋಕವೇ ಗೊತ್ತಿಲ್ಲ. ಎಣಿಸೋಕೆ ಬರೋ ಕತ್ತೆ ಅದು." ತನ್ನ ಮಾತಿಗೆ ತಾನೇ ನಕ್ಕು ಟವೆಲ್ ಹೆಗಲಿಗೆ ಹಾಕಿಕೊಂಡು ಹೋಗಿದ್ದ. ಡಂಗುರ ಎಂಬ ಮಾತು ಮಾತ್ರ ಅವಳ ಹಿಂದೆಯೇ ಬಂತು; ಬಸ್ಸು ಹತ್ತಿತು, ಅವಳ ಪಕ್ಕದ ಸೀಟಿನಲ್ಲಿ ಕೂತಿತು, ಕ್ಲಿನಿಕ್ಕಿನ ಮೆಟ್ಟಿಲನ್ನು ಅವಳಿಗಿಂತ ಮೊದಲೇ ಹತ್ತಿ ನಿಂತಿತು. ಮೆಟ್ಟಿಲು ಹತ್ತುವಾಗ ಈಗೀಗ ಅವಳು ಪಕ್ಕದ ಕಂಬಿಯ ಮೇಲೆ ಕೈಯಿಡುತ್ತಾಳೆ. ಯಾರಾದರೂ ಎದುರಾದರೆ ಧೂಳು ಒರೆಸಿದವಳ ಹಾಗೆ ಬೆರಳು ನೋಡಿಕೊಳ್ಳುತ್ತಾಳೆ.

ಓಟದ ಹುಚ್ಚು ಅವನದು. ಪಾರ್ಕಿನಲ್ಲಿ ಓಡುವುದನ್ನು ಕಲಿಸುವ ಕೋಚ್ ಒಬ್ಬರಿದ್ದರು, ಅವರ ಹತ್ತಿರ ಇಬ್ಬರ ಹೆಸರನ್ನೂ ಬರೆಸಿದ್ದ. ಮೊದಮೊದಲು ಅವಳಿಗೂ ಅದು ಹಿಡಿಸಿತ್ತು. ಬೆಳಗಿನ ತಣ್ಣನೆ ಗಾಳಿ, ಪಕ್ಕದಲ್ಲಿ ಅವನ ಬೂಟಿನ ಸದ್ದು, ಮಾತಿಲ್ಲದೆ ಜೊತೆಯಲ್ಲಿರುವ ಸುಖ. ಆಮೇಲೊಂದು ದಿನ ಕೊಳದ ತಿರುವಿನಲ್ಲಿ ಅದು ಆಯಿತು. ಕತ್ತಲಲ್ಲಿ ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟರೆ ಮೆಟ್ಟಿಲೇ ಇಲ್ಲದಿದ್ದಾಗ ಆಗುತ್ತದಲ್ಲ, ಹಾಗೆ. ಆದರೆ ಕಾಲಿನಲ್ಲಲ್ಲ, ಎದೆಯಲ್ಲಿ. ಒಂದು ಬಡಿತ ಬರಲಿಲ್ಲ. ಆಮೇಲೆ ಬಂದದ್ದು ತಡವಾಗಿ ಬಂದ ನೆಂಟನ ಹಾಗೆ ಬಾಗಿಲು ದಬದಬ ಬಡಿಯುತ್ತ ಬಂತು. ಅವಳು ತಟ್ಟನೆ ಕೂತು ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದಳು, ಲೇಸು ಬಿಚ್ಚಿರಲೇ ಇಲ್ಲ. ಅಂದಿನಿಂದ ಲೇಸು ಬಿಚ್ಚುವುದು ಜಾಸ್ತಿಯಾಯಿತು. "ಮೇಡಂ, ನಿಮ್ಮ ಲೇಸಿಗೂ ನಮ್ಮ ಪಾರ್ಕಿಗೂ ಜನ್ಮದ ಹಗೆ," ಎಂದು ಕೋಚ್ ನಗಿಸಿದರು, ಓಡುವವರೆಲ್ಲ ನಕ್ಕರು, ಅವಳೂ ನಕ್ಕಳು. ಮರುವಾರ ಗಂಡ ಎಲ್ಲೋ ಹುಡುಕಿ ಬಿಚ್ಚದೇ ಇರುವ ಹೊಸ ಬಗೆಯ ಲೇಸು ತಂದು, ರಾತ್ರಿ ಊಟದ ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಾನೇ ಅವಳ ಬೂಟಿಗೆ ಒಂದೊಂದು ತೂತಿನಲ್ಲೂ ಪೋಣಿಸಿಕೊಟ್ಟ. "ಇನ್ನು ನಿನಗೆ ನಿಲ್ಲೋಕೆ ನೆಪವೇ ಇಲ್ಲ," ಎಂದ. ನೆಪ ಎಂದದ್ದು ತಮಾಷೆಗೆ. ಅವಳು ಸೌಟು ಹಿಡಿದು ನಿಂತಲ್ಲೇ ನಿಂತಿದ್ದಳು.

ಅವಳ ಕೆಲಸ ಕಿವಿ ಪರೀಕ್ಷೆ ಮಾಡುವುದು. ಕ್ಲಿನಿಕ್ಕಿನ ಹಿಂಭಾಗದಲ್ಲಿ ಸದ್ದು ಒಳಬಾರದ, ಹೊರಹೋಗದ ಡಬ್ಬಿಯಂಥ ಕೋಣೆ, ಬೂತ್ ಎನ್ನುತ್ತಾರೆ. ಅದಕ್ಕೊಂದು ದಪ್ಪ ಗಾಜಿನ ಕಿಟಕಿ. ಬಂದವರನ್ನು ಒಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಅವಳು ಹೊರಗೆ ಯಂತ್ರದ ಮುಂದೆ ಕೂತು ಒಂದೊಂದೇ ಶಬ್ದ ಬಿಡುತ್ತಾಳೆ. ಕೇಳಿಸಿದರೆ ಗುಂಡಿ ಒತ್ತಬೇಕು. ಹೇಳುವುದಕ್ಕೆ ಸುಲಭ. ಆದರೆ ಪರೀಕ್ಷೆ ಎಂದ ಕೂಡಲೇ ಮನುಷ್ಯರಿಗೆ ಪಾಸಾಗುವ ಆಸೆ. ಕೇಳಿಸದಿದ್ದರೂ ಒತ್ತುತ್ತಾರೆ, ಶಬ್ದ ಬಿಡುವವಳ ಭುಜ ಅಲುಗಿದ್ದು ಕಂಡರೆ ಒತ್ತುತ್ತಾರೆ, ರೆಪ್ಪೆ ಬಡಿದರೆ ಒತ್ತುತ್ತಾರೆ. ಅದಕ್ಕೇ ಕೆಲಸ ಕಲಿಸಿದ ಹಿರಿಯ ಮೇಡಂ ಮೊದಲ ದಿನವೇ ಹೇಳಿದ್ದರು: "ನಿನ್ನ ಮುಖದ ಮೇಲೆ ನೊಣ ಕೂತ್ರೆ, ಗೋಡೆ ಮೇಲೆ ಕೂತಿದೀನಿ ಅಂತ ಅದು ಅಂದ್ಕೋಬೇಕು. ಅಷ್ಟು ಸುಮ್ಮನಿರಬೇಕು." ಅವಳು ಕಲಿತಳು. ಎಷ್ಟು ಕಲಿತಳೆಂದರೆ ರಿಸೆಪ್ಶನ್ನಿನ ಹುಡುಗಿ ಅವಳಿಗೆ ಗೋಡೆಯಕ್ಕ ಎಂದೇ ಹೆಸರಿಟ್ಟಳು. ಏಪ್ರನ್ನನ್ನು ಸಂಜೆ ಮೊಳೆಗೆ ನೇತುಹಾಕಿ ಬರಬಹುದು, ಮುಖವನ್ನು ಎಲ್ಲಿ ನೇತುಹಾಕುವುದು? ಅದು ಅವಳ ಜೊತೆ ಮನೆಗೇ ಬಂತು. ಗಂಡನಿಗೆ ಅದೇ ಹೆಮ್ಮೆ. "ನನ್ನ ಹೆಂಡ್ತಿ ಮುಖ ನೋಡಿದ್ರೆ ಸಾಕು, ಬಿಪಿ ಇಳಿದುಬಿಡುತ್ತೆ," ಎಂದು ಸ್ನೇಹಿತರ ಮುಂದೆ ಹೇಳುತ್ತಾನೆ.

ಆ ದಿನ ಮೊದಲು ಬಂದವನು ಒಬ್ಬ ಬಸ್ ಡ್ರೈವರ್. ಅಗಲವಾದ ಅಂಗೈಗಳು, ಇಸ್ತ್ರಿ ಮಾಡಿದ ಅಂಗಿ, ಮದುವೆಗೆ ಹೊರಟವನ ಹಾಗೆ ತಲೆಗೆ ನೀರು ಮುಟ್ಟಿಸಿ ಬಾಚಿದ್ದ. ಕಿವಿ ಸರಿಯಿದೆ ಎಂದು ಹೇಳಿಸಿಕೊಂಡು ಬಾ ಎಂದು ಕಂಪನಿಯವರು ಕಳಿಸಿದ್ದರಂತೆ. ಒಳಗೆ ಕೂತವನು ಗುಂಡಿ ಒತ್ತುತ್ತಲೇ ಹೋದ, ಒಂದೂ ತಪ್ಪಿಲ್ಲ. ಇವನ ವಯಸ್ಸಿಗೆ ಇಷ್ಟು ಚೂಪು ಕಿವಿಯೇ ಎಂದು ಅವಳು ತಲೆಯೆತ್ತಿದಾಗ, ಅವನು ನೋಡುತ್ತಿದ್ದದ್ದು ಅವಳನ್ನಲ್ಲ ಎಂದು ಗೊತ್ತಾಯಿತು. ಅವಳ ಹಿಂದೆ ಗೋಡೆಗೆ ತೂಗುಹಾಕಿದ್ದ ಚಿತ್ರದ ಗಾಜಿನಲ್ಲಿ ಅವಳ ಮೊಣಕೈ ಕಾಣುತ್ತಿತ್ತು. ಮುಖಕ್ಕೆ ಕಾವಲು ಹಾಕಿದ್ದಳು, ಮೊಣಕೈಯನ್ನು ಮರೆತಿದ್ದಳು. ಎದ್ದು ಹೋಗಿ ಚಿತ್ರವನ್ನು ಕೆಳಗಿಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಗಾಜಿನಾಚೆ ಅವನ ಮುಖದ ರಕ್ತ ಇಳಿದುಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಶಬ್ದ ಬಿಟ್ಟಾಗ ಅವನು ಸುಮ್ಮನೆ ಕೂತ. ಏನೂ ಬಿಡದಿದ್ದಾಗ, ಆ ನಿಶ್ಶಬ್ದವನ್ನು ತಾಳಲಾರದೆ, ಒತ್ತಿದ. ಮತ್ತೆ ಒತ್ತಿದ.

ಹೊರಗೆ ಬಂದು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಇನ್ನೊಂದ್ಸಲ ಮಾಡಿ ಮೇಡಂ. ಈ ಸಲ ಗಮನ ಕೊಡ್ತೀನಿ."

"ಗಮನದ್ದಲ್ಲ ಇದು," ಅವಳು ಜೋರಾಗಿ, ನಿಧಾನವಾಗಿ ಹೇಳಿದಳು. "ಎಷ್ಟು ದಿನದಿಂದ ಹೀಗೆ?"

ಅವನು ಅವಳ ತುಟಿಯನ್ನೇ ನೋಡಿದ. "ಯಾರಿಗೆ ಗೊತ್ತು ಮೇಡಂ. ನಾನು ಮುಖ ನೋಡಿಯೇ ಕೇಳಿಸ್ಕೊಳ್ಳೋದು. ಮನೆಯವಳ ಮುಖ ನೋಡಿದ್ರೆ ಅಡುಗೆಮನೇಲಿ ಏನು ಬಿತ್ತು, ಯಾರು ಬೀಳಿಸಿದ್ರು, ಎಲ್ಲ ಕೇಳಿಸುತ್ತೆ. ನಿಮ್ಮದೊಂದು," ಎಂದು ನಗಲು ನೋಡಿದ, "ನಿಮ್ಮದೊಂದು ಮುಖ ಕಲ್ಲು ಕಣ್ರೀ. ಒಂದು ಅಕ್ಷರ ಕೇಳಿಸಲ್ಲ. ಮನೇಲಿ ಯಜಮಾನ್ರು ಹೇಗೆ ಸುಧಾರಿಸ್ತಾರೋ!"

ಅವಳು ಹೇಳಬೇಕಾದ್ದನ್ನು ಹೇಳಿ, ಡಾಕ್ಟರ ಕೋಣೆಗೆ ದಾರಿ ತೋರಿಸಿದಳು. ಈ ಹೊತ್ತಿಗೆ ಗೊತ್ತಾದದ್ದೇ ಒಳ್ಳೆಯದಾಯಿತು, ಕಿವಿಗೆ ಹಾಕಿಕೊಳ್ಳುವ ಯಂತ್ರಗಳಿವೆ, ಗಾಬರಿ ಬೇಡ, ಬಾಯಿಪಾಠದ ಮಾತುಗಳು. ಗೊತ್ತಾದದ್ದು ಒಳ್ಳೆಯದು ಎನ್ನುವಾಗ ನಾಲಗೆ ಒಂದು ಕ್ಷಣ ತೊಡರಿತು. ಅವನು ಹೋದ ಮೇಲೆ ಖಾಲಿ ಬೂತಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವನು ಕೂತಿದ್ದ ಕುರ್ಚಿ ಇನ್ನೂ ಬೆಚ್ಚಗಿತ್ತು. ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೊದಲು ಉಸಿರು ಕೇಳುತ್ತದೆ, ಆಮೇಲೆ ಬಟ್ಟೆಯ ಸರಬರ, ಆಮೇಲೆ ಅದು. ದಬ್, ದಬ್, ದಬ್. ಸರಿಯಾಗಿಯೇ ಇತ್ತು. ಸರಿಯಾಗಿದೆ ಎಂದು ನಂಬಿ ಏಳುವಷ್ಟರಲ್ಲಿ ಒಂದು ಜಾರಿತು. ಕಾದಳು. ಕಾದಷ್ಟೂ ಅದು ಅವಳು ಕಾಯುತ್ತಿರುವುದನ್ನು ಬಲ್ಲ ಮಗುವಿನ ಹಾಗೆ ಸಾಲಾಗಿ ನಡೆಯಿತು.

ಅಜ್ಜಿ ಒಂದು ಕತೆ ಹೇಳುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತ, ಕತೆ ಬಿಗಿಯಾದಲ್ಲಿ ಜುಟ್ಟನ್ನೂ ಬಿಗಿಯಾಗಿ ಎಳೆಯುತ್ತ. ಒಬ್ಬ ರಾಜನಿಗೆ ನಿದ್ದೆಯಲ್ಲಿ ತನ್ನ ಉಸಿರು ನಿಂತುಹೋದರೆ ಎಂಬ ಭಯ. ಉಸಿರು ಎಣಿಸಲು ಮಂಚದ ಪಕ್ಕ ಒಬ್ಬ ಆಳನ್ನಿಟ್ಟ. ಆಳು ಒಂದು, ಎರಡು ಎಂದು ಬೆಳತನಕ ಎಣಿಸುವುದು, ರಾಜ ಆ ಎಣಿಕೆ ಕೇಳುತ್ತ ನಿದ್ದೆ ಮಾಡುವುದು. ಒಂದು ದಿನ ಆಳಿಗೇ ತೂಕಡಿಕೆ ಬಂತು, ಎಣಿಕೆ ನಿಂತಿತು. ರಾಜನಿಗೆ ಎಚ್ಚರವಾಯಿತು. ಎಣಿಕೆ ಇಲ್ಲ! ಹಾಗಾದರೆ ನಾನು ಸತ್ತೆ ಎಂದುಕೊಂಡು ಕೈಕಾಲು ನೀಟಾಗಿ ಚಾಚಿ ಮಲಗಿಬಿಟ್ಟ. ಮಂತ್ರಿಗಳು ಬಂದು ಅತ್ತರು, ಅವನೂ ಅವರ ಜೊತೆ ಒಳಗೊಳಗೇ ಅತ್ತ. ಕಡೆಗೆ ರಾಣಿ ಬಂದು ಅಂಗಾಲಿಗೆ ಕಚಗುಳಿ ಇಟ್ಟಳು. ಇಲ್ಲಿಗೆ ಬಂದಾಗ ಅಜ್ಜಿ ಅವಳ ಕಂಕುಳಿಗೆ ಎಣ್ಣೆಗೈ ಹಾಕುತ್ತಿದ್ದಳು, ಅವಳು ಕೇಕೆ ಹಾಕುತ್ತಿದ್ದಳು. "ಆಮೇಲೆ ಆ ಆಳು ಏನಾದ ಅಜ್ಜಿ?" ಎಂದು ಒಮ್ಮೆ ಕೇಳಿದ್ದಳು. ಅಜ್ಜಿ ಜುಟ್ಟು ಬಿಟ್ಟು ಯೋಚಿಸಿದ್ದಳು. "ಅವನೇ ಪಾಪ. ಎಷ್ಟೋ ವರ್ಷ ರಾಜನ ಉಸಿರು ಎಣಿಸಿ ಎಣಿಸಿ, ತಾನು ಉಸಿರಾಡ್ತೀನಾ ಅಂತ ನೋಡ್ಕೊಳ್ಳೋದೇ ಮರೆತಿದ್ದ."

ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಅಮ್ಮನ ಫೋನ್. ಅಮ್ಮ ಅಣ್ಣನ ಮನೆಯಲ್ಲಿರುತ್ತಾಳೆ. "ಊಟ ಆಯ್ತಾ ಮಗಳೇ? ನಂದೇನೋ ಆಯ್ತು ಅಂತ ಇಟ್ಕೋ. ಮಂಡಿ ಇವತ್ತು ಪರವಾಗಿಲ್ಲ. ಎದೇಲಿ ಮಾತ್ರ ಬೆಳಿಗ್ಗೆಯಿಂದ ಗುಬ್ಬಿ ಕೂತ ಹಾಗೆ ಆಗ್ತಿದೆ ಕಣಮ್ಮ. ಪಟಪಟ ಅನ್ನುತ್ತೆ, ಆಮೇಲೆ ಸುಮ್ಮನಾಗುತ್ತೆ." ಅಮ್ಮನ ಮಧ್ಯಾಹ್ನದ ವಾರ್ತೆ ಎಂದು ಅದಕ್ಕೆ ಹೆಸರು, ಹೆಸರಿಟ್ಟವಳು ಅವಳೇ. ಎಷ್ಟು ವರ್ಷದಿಂದ ಎಷ್ಟು ಡಾಕ್ಟರು, ಯಾರ ಕೈಗೂ ಆ ಗುಬ್ಬಿ ಸಿಕ್ಕಿರಲಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳು ನೆಂಟರ ಮುಂದೆ ಸೆರಗು ಹೊದ್ದು, ಎದೆ ಹಿಡಿದುಕೊಂಡು, "ಅಯ್ಯೋ ಗುಬ್ಬಿ, ಬಂತು ಗುಬ್ಬಿ," ಎಂದು ಮಂಚಕ್ಕೆ ಬೀಳುವ ನಾಟಕ ಆಡುತ್ತಿದ್ದಳು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು, ನಗುತ್ತಲೇ ನೀರು ತರುತ್ತೇನೆಂದು ಒಳಗೆ ಹೋಗುತ್ತಿದ್ದಳು. ನೀರು ಬರುವುದು ಬಹಳ ತಡವಾಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಆ ನಾಟಕವನ್ನು ಗಂಡನಿಗೂ ಆಡಿ ತೋರಿಸಿದ್ದಳು. ಈಗಲೂ ಅತ್ತೆಯ ಫೋನ್ ಬಂದರೆ ಅವನು ಕಣ್ಣು ಮಿಟುಕಿಸಿ ಕೇಳುತ್ತಾನೆ: "ಗುಬ್ಬಿ ಹೇಗಿದೆಯಂತೆ?" 

"ಗ್ಯಾಸ್ ಇರಬೇಕು ಅಮ್ಮ," ಎಂದಳು ಅವಳು, ಎಡಗೈಯಲ್ಲಿ ತನ್ನ ಮಣಿಕಟ್ಟನ್ನು ಹಿಡಿದುಕೊಂಡು.

"ಇರಬಹುದು. ನಿನ್ನ ಧ್ವನಿ ಯಾಕೆ ಹೀಗಿದೆ?"

"ಹೇಗಿದೆ?"

"ಏನೋಪ್ಪ. ಒಳ್ಳೆ ಬ್ಯಾಂಕಿನವರು ಮಾತಾಡಿದ ಹಾಗಿದೆ."

ಸಂಜೆ ವಾಚಿನ ಅಂಗಡಿಯಲ್ಲಿ ಹಗಲಿಗಿಂತ ಹೆಚ್ಚು ಬೆಳಕಿತ್ತು. ಗಾಜಿನ ಪೆಟ್ಟಿಗೆಯೊಳಗೆ ವಾಚುಗಳು ಸಾಲಾಗಿ ಕಪ್ಪು ಕಣ್ಣು ಬಿಟ್ಟುಕೊಂಡು ಮಲಗಿದ್ದವು, ಮೂಲೆಯಲ್ಲಿ ಬ್ಯಾಂಡುಗಳು ಮಕ್ಕಳ ಬಳೆಗಳ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಗಂಡ ಸೇಲ್ಸ್ ಹುಡುಗಿಯ ಜೊತೆ ಬ್ಯಾಟರಿ ಎಷ್ಟು ದಿನ ಬರುತ್ತದೆ, ಬೆವರಿಗೆ ಏನಾಗುತ್ತದೆ, ಪಟ್ಟಿ ಹರಿದರೆ ಬೇರೆ ಸಿಗುತ್ತದೆಯೇ ಎಂದು ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸುತ್ತಿದ್ದ. ಅವಳು ಎರಡನ್ನೂ ನೋಡಿದಳು. ಬ್ಯಾಂಡ್ ಕಟ್ಟಿಕೊಂಡರೆ ಏನೂ ಆಗುವುದಿಲ್ಲ. ಅಥವಾ ಆದದ್ದು ಯಾರಿಗೂ ತಿಳಿಯುವುದಿಲ್ಲ. ವಾಚು ಕಟ್ಟಿಕೊಂಡರೆ ಒಂದು ದಿನ ಊಟದ ಹೊತ್ತಿಗೆ ಅವನ ಫೋನು ಕೂಗಿಕೊಳ್ಳುತ್ತದೆ, ಅವನು ಓದಿ ತಲೆಯೆತ್ತಿ ನೋಡುತ್ತಾನೆ, ಅವನ ಕಣ್ಣಲ್ಲಿ ಮೊದಲು ಬರುವುದು ಗಾಬರಿಯೋ, ಅಥವಾ ಆ ಇನ್ನೊಂದು ಹೊಳಪೋ, ಅಮ್ಮನಿಗೆಂದು ಇಟ್ಟುಕೊಂಡ ಹೊಳಪು? ಅದಕ್ಕಿಂತ ಎದೆ ನಿಂತರೇ ವಾಸಿ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಹೆದರಿದಳು.

"ಮೇಡಂ, ಕೈ ಕೊಡಿ. ಹಾಕಿ ನೋಡಿದ್ರೆ ತಾನೇ ಗೊತ್ತಾಗೋದು." ಹುಡುಗಿಯ ಬೆರಳು ಚುರುಕು, ಬೇಡ ಎನ್ನುವಷ್ಟರಲ್ಲಿ ಪಟ್ಟಿ ಬಿಗಿದಾಗಿತ್ತು. ವಾಚಿನ ಹೊಟ್ಟೆಯಿಂದ ಹಸಿರು ಬೆಳಕು ಒಸರಿ ಅವಳ ಚರ್ಮದೊಳಕ್ಕೆ ಇಣುಕಿತು. ಮೂವರೂ ಬಗ್ಗಿ ನೋಡಿದರು. ಅವಳಿಗೆ ಬೂತಿನೊಳಗೆ ಕೂತ ಡ್ರೈವರನ ನೆನಪಾಯಿತು, ಬಾಚಿದ ತಲೆ, ಬೆವೆತ ಹಣೆ. ಮುಖವನ್ನು ಗೋಡೆ ಮಾಡಿಕೊಂಡಳು. ಸುಮ್ಮನಿರು, ಸುಮ್ಮನಿರು ಎಂದು ಎದೆಗೆ ಹೇಳಿದಳು. ಅಂಕಿ ಬಂತು: ನೂರಿಪ್ಪತ್ತೆರಡು. ನೋಡುತ್ತಿದ್ದ ಹಾಗೇ ಏರಿತು, ಇಳಿಯಿತು, ಗೆರೆಗಳಾಗಿ ಮಾಯವಾಯಿತು, ಮತ್ತೆ ಬಂತು.

ಗಂಡ ಅಂಕಿ ನೋಡಿದ. ಅವಳ ಮುಖ ನೋಡಿದ. ಮತ್ತೆ ಅಂಕಿ ನೋಡಿದ. "ಈ ಪೀಸ್ ಕೆಟ್ಟಿದೆ ಕಣ್ರೀ," ಎಂದ. "ಬೇರೆ ತೋರಿಸಿ."

"ಸರ್, ಎಲ್ಲ ಹೊಸ ಪೀಸ್..."

"ಹೊಸದಾದ್ರೇನು? ಇವರು ಹೇಗೆ ನಿಂತಿದ್ದಾರೆ ನೋಡಿ. ಜೋರಾಗಿ ನಡೆದ್ರೂ ನನಗೆ ಇಷ್ಟು ಬರಲ್ಲ."

ಹುಡುಗಿ ಇನ್ನೊಂದನ್ನು ಕಟ್ಟಿದಳು. ಅದೂ ಹಾಗೇ ಹೇಳಿತು. ಅದನ್ನೇ ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡಳು, ಅಲ್ಲಿ ಅಂಕಿ ಸಾಧುವಾಗಿ ಎಪ್ಪತ್ತರ ಆಸುಪಾಸಿನಲ್ಲಿ ಕೂತಿತು. "ನೋಡಿ ಸರ್, ಸರಿಯಾಗೇ ಇದೆ." ಗಂಡ ಒಂದು ಗಳಿಗೆ ಯೋಚಿಸಿ, ಉತ್ತರ ಸಿಕ್ಕಿದವನ ಹಾಗೆ ಹಗುರಾದ. "ಅವಳ ಮಣಿಕಟ್ಟು ಸಣ್ಣ. ಸರಿಯಾಗಿ ಕೂರ್ತಿಲ್ಲ ಅದು. ಬೆಳಕು ಸೋರ್ತಿದೆ." ಅವಳ ಕಡೆ ತಿರುಗಿ, "ನೀನೇ ಸರಿ ಕಣೇ, ಬ್ಯಾಂಡೇ ವಾಸಿ. ಸುಳ್ಳುಬುರುಕ ವಾಚು ಕಟ್ಕೊಂಡು ದಿನಾ ಗಾಬರಿಯಾಗೋದು ಯಾರಿಗೆ ಬೇಕು? ಕತ್ತೆಯಾದ್ರೂ ನಿಯತ್ತಿನ ಕತ್ತೆ," ಎಂದ. ಅವಳು ಬ್ಯಾಂಡ್ ಬೇಕೆಂದು ಯಾವಾಗ ಹೇಳಿದ್ದಳು? ಹೇಳಿರಲಿಲ್ಲ. ಅವನು ಅದನ್ನೂ ಅವಳ ಮುಖದ ಮೇಲೇ ಓದಿಕೊಂಡಿದ್ದ. ಹುಡುಗಿ ಪಟ್ಟಿ ಮಡಚುತ್ತ ಅವಳನ್ನೇ ನೋಡುತ್ತಿದ್ದಳು. "ಮೇಡಂ," ಎಂದಳು ಮೆಲ್ಲಗೆ, "ಒಂದ್ನಿಮಿಷ ಕೂತ್ಕೊಳ್ತೀರಾ? ನೀರು ಕೊಡ್ಲಾ?"

"ಬೇಡ," ಎಂದಳು. "ಬ್ಯಾಂಡ್ ಕೊಡಿ, ಸಾಕು."

ಗೆದ್ದಿದ್ದಳು. ಒಂದು ಮಾತೂ ಸುಳ್ಳಾಡದೆ ಗೆದ್ದಿದ್ದಳು. ಅಂಗಡಿಯ ಬಾಗಿಲು ತಾನಾಗಿ ತೆರೆದು, ತಾನಾಗಿ ಮುಚ್ಚಿ, ಅವರನ್ನು ಬೀದಿಗೆ ಬಿಟ್ಟಿತು. ಸಂಜೆಯ ಬೆಳಕು ಎದುರಿನ ಕಟ್ಟಡದ ಕಿಟಕಿಗಳಲ್ಲಿ ಮಾತ್ರ ಉಳಿದಿತ್ತು. ಕೆಲಸ ಬಿಟ್ಟ ಜನ ಇಬ್ಬರನ್ನೂ ಸವರಿಕೊಂಡು ಹೋಗುತ್ತಿದ್ದರು. ಕೈಯಲ್ಲಿ ಬ್ಯಾಂಡ್ ಆಗಲೇ ದುಡಿಮೆಗೆ ಇಳಿದಿತ್ತು, ಪ್ರತಿ ಹೆಜ್ಜೆಗೂ ಒಂದು ಸೇರಿಸುತ್ತಿತ್ತು. ಅದರ ಪಾಲಿಗೆ ಅವಳೆಂದರೆ ಎರಡು ಕಾಲು. ಗಂಡ ನಾಳೆ ಕೊಳದ ಸುತ್ತ ಇನ್ನೊಂದು ಸುತ್ತು ಹೆಚ್ಚಿಗೆ ಓಡೋಣ ಎನ್ನುತ್ತಿದ್ದ. ಅವನು ವಾಚನ್ನು ನಂಬಲಿಲ್ಲ, ನನ್ನನ್ನು ನಂಬಿದ ಎಂದು ಅವಳಿಗೆ ಆಗ ಹೊಳೆಯಿತು. ಎರಡು ಯಂತ್ರ ಒಂದೇ ಮಾತು ಹೇಳಿದರೂ ಅವನು ಈ ಮುಖದ ಪರ ನಿಂತ. ನಾಳೆ ಕೊಳದ ತಿರುವಿನಲ್ಲಿ ನಾನು ಬಿದ್ದರೂ, ಇವನು ಮೊದಲು ಲೇಸು ನೋಡುತ್ತಾನೆ. ಅಂಗಡಿಯ ಮೆಟ್ಟಿಲ ಮೇಲೆ ಅವಳು ಕೂತುಬಿಟ್ಟಳು.

"ಏನಾಯ್ತು? ಈ ಚಪ್ಪಲಿಗೆ ಲೇಸೂ ಇಲ್ವಲ್ಲೇ!"

ಅವಳು ನಗಲಿಲ್ಲ. "ಇಲ್ಲಿ ಕೂತ್ಕೋ," ಎಂದಳು. "ನನ್ನ ಕೈ ಹಿಡ್ಕೋ. ಹಾಗಲ್ಲ, ನಾಡಿ ನೋಡೋ ಹಾಗೆ." ಮುಂದಿನ ಮಾತು ಹೇಗೆ ಹೇಳುವುದು ಗೊತ್ತಾಗದೆ, ದಿನಾ ಹೇಳುವ ಮಾತನ್ನೇ ಹೇಳಿದಳು, ದಿನಾ ಹೇಳುವ ಧ್ವನಿಯಲ್ಲೇ: "ಗಮನ ಇಟ್ಟು ಕೇಳಿ. ಒಂದೊಂದೇ ಬರುತ್ತೆ. ಮಧ್ಯೆ ಒಂದು ತಪ್ಪಿದ ಹಾಗೆ ಅನ್ಸಿದ್ರೆ ತಕ್ಷಣ ಬೆರಳೆತ್ತಿ. ಎಷ್ಟು ಸಣ್ಣದಾದ್ರೂ ಸರಿ."

"ಅಲ್ಲ ಮೇಡಂ, ನನ್ನ ಕಿವಿಗೆ ಏನಾಗಿದೆ?" ಎಂದು ನಗುತ್ತ ಅವನು ಕೂತ, ಅವಳ ಮಣಿಕಟ್ಟನ್ನು ಹಿಡಿದ. ಬೆರಳು ಇಟ್ಟದ್ದು ನಾಡಿಯ ಮೇಲಲ್ಲ, ಅದರ ಪಕ್ಕದ ಮೂಳೆಯ ಮೇಲೆ. ಅಲ್ಲಿ ಯಾರಿಗೂ ಏನೂ ಸಿಗುವುದಿಲ್ಲ. ಅವಳು ಸರಿಪಡಿಸಲಿಲ್ಲ. ಕೆಲವು ಗಳಿಗೆ ಕಳೆಯಿತು. ಅವನ ನಗು ಮೆಲ್ಲಗೆ ತುಟಿಯಿಂದ ಇಳಿಯಿತು. ಅವನು ಬೆರಳೆತ್ತಿದ.

"ಇಲ್ಲ," ಎಂದಳು.

ಮತ್ತೆ ಎತ್ತಿದ. "ಇಲ್ಲ." ಶಬ್ದವಿಲ್ಲದಲ್ಲಿ ಒತ್ತುವವರ ಗುಣ ಅವಳಿಗೆ ಚೆನ್ನಾಗಿ ಗೊತ್ತು, ಹೆದರಿದವರು ಹಾಗೆ ಒತ್ತುತ್ತಾರೆ. ಅವನು ಹೆದರಿದ್ದ. ಯಾಕೆಂದು ತಿಳಿಯದೆಯೇ ಹೆದರಿದ್ದ. ಮೂಳೆಯ ಮೇಲೆ ಬೆರಳನ್ನು ಗಟ್ಟಿಯಾಗಿ ಒತ್ತಿ, ಅಲ್ಲಿ ಏನೂ ಸಿಗದೆ, ತಲೆಯೆತ್ತಿ ಅವಳ ಮುಖವನ್ನು ನೋಡತೊಡಗಿದ, ಗಾಜಿನಾಚೆಯಿಂದ ನೋಡುವವರ ಹಾಗೆ, ರೆಪ್ಪೆಯನ್ನು, ತುಟಿಯ ಅಂಚನ್ನು. ಅಭ್ಯಾಸದಂತೆ ಅವಳ ಮುಖ ಗೋಡೆಯಾಗಲು ಹೊರಟಿತು. ಮನೆಯವಳ ಮುಖ ನೋಡಿದರೆ ಎಲ್ಲ ಕೇಳಿಸುತ್ತೆ ಎಂದಿದ್ದ ಆ ಡ್ರೈವರ್, ಅಗಲ ಅಂಗೈಯ ಮನುಷ್ಯ. ಬೀದಿಯಲ್ಲಿ ಬಸ್ಸೊಂದು ನಿಂತು ಜನರನ್ನು ಇಳಿಸಿ ಹೊರಟುಹೋಯಿತು. ಆಗ ಅದು ಬಂತು; ಮೆಟ್ಟಿಲಿರಬೇಕಾದಲ್ಲಿ ಮೆಟ್ಟಿಲಿಲ್ಲ. ಅವಳು ಮುಖವನ್ನು ಹಿಡಿಯಲಿಲ್ಲ. ಅದು ಹೇಗೆ ಬೇಕೋ ಹಾಗೆ ಆಗಲೆಂದು ಬಿಟ್ಟುಬಿಟ್ಟಳು, ಕೈ ಸೋತವರು ಕೊಡ ಬಿಡುವ ಹಾಗೆ.

ಅವನು ಬೆರಳೆತ್ತಿದ.

"ಹ್ಞೂಂ," ಎಂದಳು.

ಬೆರಳು ಇಳಿಯಲಿಲ್ಲ. "ಯಾವಾಗಿಂದ?" ಎಂದ. ಆಮೇಲೆ, "ಹೇಗಾಗುತ್ತೆ? ಹೇಳು. ಸರಿಯಾಗಿ ಹೇಳು."

ಅವಳು ಮಾತಿಗೆ ತಡಕಾಡಿದಳು. ಕ್ಲಿನಿಕ್ಕಿನ ಮಾತುಗಳು ಬಂದವು, ಚೊಕ್ಕಟವಾದವು, ಔಷಧಿಯ ವಾಸನೆಯವು. ಅವು ಯಾವುವೂ ಇದಲ್ಲ. ಇದಕ್ಕೆ ಒಂದೇ ಮಾತಿತ್ತು, ಅದನ್ನು ಅವಳು ಬಹಳ ವರ್ಷಗಳ ಹಿಂದೆ ನೆಂಟರ ಮುಂದೆ ಸೆರಗು ಹೊದ್ದು ಹಾಳುಮಾಡಿದ್ದಳು. ಹೇಳುವಾಗ ಅವಳ ಕೈ ತಾನಾಗಿ ಎದೆಗೆ ಹೋಯಿತು, ಥೇಟ್ ಅಮ್ಮನ ಕೈ.

"ಗುಬ್ಬಿ ಕೂತ ಹಾಗೆ," ಎಂದಳು, ಅವನ ಕಣ್ಣನ್ನೇ ನೋಡುತ್ತ. "ಪಟಪಟ ಅನ್ನುತ್ತೆ. ಆಮೇಲೆ ಸುಮ್ಮನಾಗುತ್ತೆ."

ಅವನು ನಗಲಿಲ್ಲ.